ಕಾಫಿಯ ಪ್ರಾಯೋಜಕಿ ವಾಷರಕ್ಕ

ಎರಡು ಪೈಪುಗಳು ಕೂಡುವ ಕಡೆ ಎಣ್ಣೆಯೋ ಗ್ಯಾಸೋ ಸೋರದಂತೆ ನಡುವೆ ಒಂದು ಬಿಲ್ಲೆ ಕೂರಿಸಿ ಬೋಲ್ಟು ಬಿಗಿಯುತ್ತಾರೆ. ಓದಿದವರು ಅದಕ್ಕೆ ಗ್ಯಾಸ್ಕೆಟ್ ಅನ್ನುತ್ತಾರೆ. ಅಂಥ ಬಿಲ್ಲೆಗಳನ್ನು ನಾರಿನ ದಪ್ಪ ಹಾಳೆಯಿಂದ ಕತ್ತರಿಸಿ ಕೊಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಆಕೆ ಇಪ್ಪತ್ತನಾಲ್ಕು ವರ್ಷ ಕೆಲಸ ಮಾಡಿದ್ದಳು. ಅಲ್ಲಿ ಎಲ್ಲರೂ ಅದನ್ನು ವಾಷರ್ ಅಂತಲೇ ಕರೆಯುತ್ತಿದ್ದರು. ಹಾಗಾಗಿ ಯಜಮಾನರಿಂದ ಹಿಡಿದು ಲಾರಿಯವನವರೆಗೆ ಎಲ್ಲರ ಬಾಯಲ್ಲೂ ಆಕೆ ವಾಷರಕ್ಕ ಆದಳು.

ಅದಕ್ಕೂ ಮೊದಲು ಚಪ್ಪಲಿ ಫ್ಯಾಕ್ಟರಿಯಲ್ಲಿ ಚರ್ಮ ಕತ್ತರಿಸುತ್ತಿದ್ದಳು. ಅದು ಬಾಗಿಲು ಹಾಕಿದ ಮೇಲೆ ಇಲ್ಲಿಗೆ ಬಂದಳು. ಚರ್ಮಕ್ಕೆ ಪಳಗಿದ ಕೈ ನಾರಿನ ಹಾಳೆಗೂ ಬೇಗ ಹೊಂದಿಕೊಂಡಿತು. ದೊಡ್ಡ ಸೈಜುಗಳನ್ನು ಮಿಷನ್ನಿಗೆ ಹಾಕದೆ ಕೈಯಲ್ಲೇ ಕತ್ತರಿಸುತ್ತಿದ್ದರು. ಆ ಮೇಜು ಆಕೆಯದು. ಕತ್ತರಿಸಿದ್ದು ರಟ್ಟಿನ ಪೆಟ್ಟಿಗೆಗೆ, ಪೆಟ್ಟಿಗೆ ಲಾರಿಗೆ. ಅಲ್ಲಿಂದಾಚೆಗೆ ಏನು ಅಂತ ಆಕೆಗೆ ತಿಳಿಯದು. ಶಾಲೆಯ ವ್ಯಾನ್ ಓಡಿಸುವ ಗಂಡ ಆಗಾಗ ಕಿಚಾಯಿಸುತ್ತಿದ್ದ. "ನನ್ನ ವ್ಯಾನಿನ ಮಕ್ಕಳು ಯಾವ ಮನೇಲಿ ಇಳೀತಾರೆ ಅಂತ ನಂಗೊತ್ತು. ನಿನ್ನ ವಾಷರ್ ಎಲ್ಲಿ ಇಳಿಯುತ್ತೆ ಹೇಳು ನೋಡೋಣ." ಆಕೆ ನಕ್ಕು ಸುಮ್ಮನಾಗುತ್ತಿದ್ದಳು.

ಆ ವರ್ಷ ಎಣ್ಣೆ ಮತ್ತು ಗ್ಯಾಸ್ ಕಂಪನಿಗಳ ದೊಡ್ಡ ಸಮ್ಮೇಳನದಲ್ಲಿ ಒಂದು ಸ್ಟಾಲ್ ಹಾಕಬೇಕೆಂದು ಯಜಮಾನರ ಸೊಸೆ ಹಟ ಹಿಡಿದಳು. ಆಫೀಸು ನೋಡಿಕೊಳ್ಳುತ್ತಿದ್ದವಳು ಅವಳೇ. ಕೆಲಸದವರಿಗೆಲ್ಲ ಅವಳು ಮೇಡಂ. ಸಮ್ಮೇಳನಕ್ಕೆ ಎರಡು ವಾರ ಇದೆ ಅನ್ನುವಾಗ ಮಾರಾಟದ ಆಸಾಮಿ ಬೇರೆ ಕಡೆ ಕೆಲಸ ಸಿಕ್ಕಿತೆಂದು ಕೈ ಎತ್ತಿದ. ಮೇಡಂ ನೇರವಾಗಿ ಕತ್ತರಿಸುವ ಮೇಜಿನ ಹತ್ತಿರ ಬಂದಳು.

"ಅಕ್ಕಾ, ನನ್ ಜೊತೆ ನೀವೇ ಬನ್ನಿ. ಹಾಳೆ ವಿಷಯ ಯಾರಾದ್ರೂ ಕೇಳಿದ್ರೆ ನಂಗೆ ಬಾಯಿ ಬರಲ್ಲ."

"ನಾನಾ? ಅಲ್ಲಿ ನಾನೇನ್ ಮಾಡ್ಲಿ ಮೇಡಂ?"

"ನಿಂತ್ಕೊಳ್ಳಿ, ಸಾಕು."

ನಿಂತುಕೊಳ್ಳುವುದು ಸುಲಭ ಅಂದುಕೊಂಡು ಆಕೆ ಒಪ್ಪಿದಳು.

ಸಮ್ಮೇಳನದ ಸಭಾಂಗಣ ವಿಮಾನ ನಿಲ್ಲಿಸುವಷ್ಟು ದೊಡ್ಡದಿತ್ತು. ನೆಲಕ್ಕೆಲ್ಲ ನೀಲಿ ಕಾರ್ಪೆಟ್ಟು. ದೊಡ್ಡ ಕಂಪನಿಗಳು ಗಾಜಿನ ಮನೆಗಳನ್ನೇ ಕಟ್ಟಿ ಒಳಗೆ ಸೋಫಾ ಹಾಕಿಕೊಂಡಿದ್ದವು. ಇವರ ಸ್ಟಾಲು ಮೂಲೆಯಲ್ಲಿ: ಒಂದು ಮೇಜು, ಎರಡು ಕುರ್ಚಿ, ಹಿಂದಿನ ಹಲಗೆಯ ಮೇಲೆ ಮೊಳೆಗೆ ನೇತುಹಾಕಿದ ಬಿಲ್ಲೆಗಳು. ಆದರೆ ಪಕ್ಕದಲ್ಲಿದ್ದ ಉದ್ದನೆಯ ಕಾಫಿ ಕೌಂಟರಿನ ಮೇಲೆ ಇವರ ಕಾರ್ಖಾನೆಯ ಹೆಸರು ಆಳೆತ್ತರದ ಅಕ್ಷರಗಳಲ್ಲಿ ಬೆಳಗುತ್ತಿತ್ತು. ಕಾಗದದ ಲೋಟಗಳ ಮೇಲೂ ಅದೇ ಹೆಸರು. ವಾಷರಕ್ಕ ಕಣ್ಣು ಕಣ್ಣು ಬಿಟ್ಟಳು.

"ಮೇಡಂ, ನಾವು ಕಾಫಿನೂ ಮಾರ್ತೀವಾ?"

ಮೇಡಂ ಮುಖ ಕೆಂಪಾಯಿತು. ಅರ್ಜಿ ತುಂಬುವಾಗ 'ಕಾಫಿ ವಿರಾಮ' ಅನ್ನುವ ಚೌಕಕ್ಕೆ ಟಿಕ್ ಹಾಕಿದ್ದಳಂತೆ. ಸ್ಟಾಲಿನಲ್ಲಿ ನಿಲ್ಲುವವರಿಗೆ ಕಾಫಿ ಬೇಕೋ ಬೇಡವೋ ಅಂತ ಕೇಳಿದ್ದಾರೆ ಅಂದುಕೊಂಡಿದ್ದಳು. ಅದು ಇಡೀ ಸಮ್ಮೇಳನದ ಕಾಫಿಗೆ ಪ್ರಾಯೋಜಕರಾಗುತ್ತೀರಾ ಅನ್ನುವ ಪ್ರಶ್ನೆಯಾಗಿತ್ತು. ಅಭಿನಂದನೆ ಅಂತ ಫೋನು ಬಂದಾಗಲೇ ಅವಳಿಗೆ ಗೊತ್ತಾಗಿದ್ದು. "ಮಾವನಿಗೆ ಇನ್ನೂ ಹೇಳಿಲ್ಲ. ನೀವೂ ಬಾಯಿ ಬಿಡಬೇಡಿ ಅಕ್ಕಾ," ಅಂದಳು.

ಕೊರಳಿಗೆ ಹಾಕಿಕೊಳ್ಳಲು ಕೊಟ್ಟ ಕಾರ್ಡಿನಲ್ಲಿ ವಾಷರಕ್ಕನ ಹೆಸರಿನ ಕೆಳಗೆ 'ನಿರ್ದೇಶಕಿ, ಪ್ರಾಯೋಜಕರು' ಎಂದು ಅಚ್ಚಾಗಿತ್ತು. ಅದು ಯಾರ ಕೈತಪ್ಪೋ ಏನೋ. ಬೆಳಿಗ್ಗೆಯಿಡೀ ಅರ್ಧ ಜನ ಆಕೆಯನ್ನು ಕಾಫಿಯವಳು ಅಂದುಕೊಂಡರು, ಉಳಿದರ್ಧ ಜನ ಕಂಪನಿಯ ಒಡತಿ ಅಂದುಕೊಂಡರು. "ಸಕ್ಕರೆ ಎಲ್ಲಮ್ಮಾ?" ಅಂತ ಒಬ್ಬ ಕೇಳಿದರೆ, ಇನ್ನೊಬ್ಬ ಕೈ ಕುಲುಕಿ, "ಮುಂದಿನ ದಿನಗಳಲ್ಲಿ ಹೈಡ್ರೋಜನ್ ಬಗ್ಗೆ ತಮ್ಮ ನಿಲುವೇನು?" ಅಂದ.

"ಅದು ತುಂಬಾ ಸಣ್ಣದು ಸಾರ್. ಒಂದ್ ಕೂದಲಷ್ಟು ಜಾಗ ಇದ್ರೂ ನುಸುಳಿಬಿಡುತ್ತೆ," ಅಂದಳು ಆಕೆ. ಹಾಳೆ ಆರಿಸುವಾಗ ಯಜಮಾನರು ಹೇಳುತ್ತಿದ್ದ ಮಾತದು. ಆತ ತಲೆದೂಗಿ ಪುಸ್ತಕದಲ್ಲಿ ಬರೆದುಕೊಂಡ. ಏನು ಬರೆದುಕೊಂಡ ಅಂತ ಆಕೆಗೆ ತಲೆಬುಡ ತಿಳಿಯಲಿಲ್ಲ. ಇನ್ನೂ ಕೆಲವರು ಮಾತೇ ಆಡದೆ ಆಕೆಯ ಕಾರ್ಡಿನ ಕ್ಯೂಆರ್ ಕೋಡಿಗೆ ಫೋನು ಹಿಡಿದು, ಪೀಂ ಅನ್ನಿಸಿಕೊಂಡು, ನಕ್ಕು ಹೋಗುತ್ತಿದ್ದರು. ಆಕೆಯೂ ಪ್ರತಿ ಸಲ ನಕ್ಕಳು. ಹನ್ನೊಂದು ಗಂಟೆಯ ಹೊತ್ತಿಗೆ ಕೆನ್ನೆ ನೋಯತೊಡಗಿತ್ತು.

ಅಷ್ಟರಲ್ಲಿ ಯಜಮಾನರಿಂದ ಫೋನು ಬಂತೆಂದು ಮೇಡಂ ಮಾತಾಡಲು ಹೊರಗೆ ಹೋದಳು. ಅವಳು ಅತ್ತ ಹೋಗಿದ್ದೇ ತಡ, ವಾಕಿಟಾಕಿ ಹಿಡಿದ ಹುಡುಗಿಯೊಬ್ಬಳು ಏದುಸಿರು ಬಿಡುತ್ತ ಬಂದಳು. "ಕಾಫಿ ಸ್ಪಾನ್ಸರ್ ನೀವೇ ತಾನೆ? ಬೇಗ ಬನ್ನಿ, ನಿಮಗೇ ಕಾಯ್ತಾ ಇದ್ದಾರೆ."

ಕಾಫಿ ಯಂತ್ರ ಎಲ್ಲೋ ಸೋರುತ್ತಿರಬೇಕು ಅಂದುಕೊಂಡು ವಾಷರಕ್ಕ ಮೇಜಿನ ಮೇಲಿದ್ದ ಕತ್ತರಿ ತೆಗೆದುಕೊಂಡೇ ಹೊರಟಳು. ಎರಡು ಬಾಗಿಲು ದಾಟಿ, ಕಪ್ಪು ಪರದೆಯ ಹಿಂದೆ ನಾಲ್ಕು ಮೆಟ್ಟಿಲು ಹತ್ತಿದರೆ, ಅದು ವೇದಿಕೆ! ಕಣ್ಣಿಗೆ ರಾಚುವ ಬೆಳಕು. ಅದರಾಚೆ ಎಷ್ಟು ಜನ ಇದ್ದಾರೋ ಕಾಣಲಿಲ್ಲ, ಕೆಮ್ಮು ಮಾತ್ರ ಕೇಳಿಸಿತು. "ಕಾಫಿ ವಿರಾಮಕ್ಕೆ ಮೊದಲು ಪ್ರಾಯೋಜಕರಿಂದ ಎರಡು ಮಾತು," ಅಂತ ಯಾರೋ ಮೈಕು ಕೊಟ್ಟರು. ಒಂದು ಕೈಯಲ್ಲಿ ಮೈಕು, ಒಂದು ಕೈಯಲ್ಲಿ ಕತ್ತರಿ.

"ನಮಸ್ಕಾರ," ಅಂದಳು. "ಕಾಫಿ ಆ ಕಡೆ ಇದೆ."

ಜನ ನಕ್ಕರು. ಯಾಕೆ ನಕ್ಕರು ಅಂತ ಆಕೆಗೆ ಅರ್ಥವಾಗಲಿಲ್ಲ. ಇನ್ನೊಂದು ಮಾತು ಬಾಕಿ ಇದೆಯಲ್ಲ ಅಂತ ಮುಂದುವರಿಸಿದಳು.

"ನಾನು ವಾಷರ್ ಕತ್ತರಿಸ್ತೀನಿ. ಇಪ್ಪತ್ನಾಲ್ಕು ವರ್ಷದಿಂದ. ಅವು ಎಲ್ಲಿಗೆ ಹೋಗ್ತವೆ ಅಂತ ನಂಗೆ ಗೊತ್ತಿಲ್ಲ. ನಿಮ್ಮಲ್ಲಿ ಯಾರ ಹತ್ರ ಆದ್ರೂ ಇದ್ರೆ, ಅವು ಹೇಗಿವೆ ಅಂತ ನಮ್ ಸ್ಟಾಲಿಗೆ ಬಂದು ಹೇಳಿ."

ಮತ್ತೆ ನಗು, ಆಮೇಲೆ ಚಪ್ಪಾಳೆ. ಅದು ಬೇಗ ನಿಲ್ಲಲಿಲ್ಲ. ಆಕೆ ಬೆವರುತ್ತ ಕೆಳಗಿಳಿದಳು. ಗೇಲಿ ಮಾಡಿದರೋ ಮೆಚ್ಚಿದರೋ ಎಂದು ಇವತ್ತು ಕೇಳಿದರೂ ಆಕೆಗೆ ಹೇಳಲು ಬರುವುದಿಲ್ಲ.

ಆದರೆ ಜನ ನಿಜಕ್ಕೂ ಬಂದರು. ಸಮುದ್ರದ ಮಧ್ಯೆ ಕಬ್ಬಿಣದ ಅಟ್ಟಣೆಯ ಮೇಲೆ ಕೆಲಸ ಮಾಡುವವನೊಬ್ಬ, ಬೆಂಕಿ ಆರಿಸುವ ನೀರಿನ ಪೈಪಿನಲ್ಲಿ ನಿಮ್ಮ ಬಿಲ್ಲೆಗಳಿವೆ ಅಂದ. ಗ್ಯಾಸ್ ತುಂಬುವ ಘಟಕದ ಹೆಂಗಸೊಬ್ಬಳು ಬಿಲ್ಲೆ ಕೂರಿಸಿದ ಪೈಪಿನ ಫೋಟೋ ಫೋನಿನಲ್ಲಿ ತೋರಿಸಿದಳು. ಹೊರಗಿನಿಂದ ಬಂದ ಮೇಡಂಗೆ ತನ್ನ ಸ್ಟಾಲಿಗೇ ಕಾಲಿಡಲು ಜಾಗ ಇರಲಿಲ್ಲ.

ಎಲ್ಲರೂ ಹೋದ ಮೇಲೆ ಒಬ್ಬ ಎಂಜಿನಿಯರ್ ಉಳಿದರು. ನರೆತ ಮೀಸೆ, ಕೈಯಲ್ಲಿ ಅರ್ಧ ಕುಡಿದ ಕಾಫಿ. ಎಣ್ಣೆ ಶುದ್ಧಿ ಮಾಡುವ ಸ್ಥಾವರವೊಂದರಿಂದ ಬಂದಿದ್ದರು. ಲೋಟದ ಮೇಲಿನ ಹೆಸರನ್ನು ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು.

"ಅಮ್ಮಾ, ನೀವು ಕೇಳಿದ್ರಿ ಅಂತ ಹೇಳ್ತಿದ್ದೀನಿ. ಎಂಟು ವರ್ಷದ ಹಿಂದೆ ನಮ್ಮಲ್ಲಿ ನಿಮ್ಮದೊಂದು ಸೋರ್ತು. ಬಿಸಿನೀರಿನ ಲೈನು. ಒಬ್ಬ ಫಿಟ್ಟರ್ ಕೈ ಸುಟ್ಟೋಯ್ತು."

"ಯಾವ ಸೈಜು ಸಾರ್?" ಅಂದಳು ವಾಷರಕ್ಕ.

ಅವರು ಹೇಳಿದರು. ದೊಡ್ಡ ಸೈಜು. ಅಂದರೆ ಮಿಷನ್ನಿನದಲ್ಲ, ಆಕೆಯ ಕೈಯದೇ.

"ನಂದೇ ತಪ್ಪಾ ಸಾರ್?"

"ಯಾರಿಗೆ ಗೊತ್ತು? ಬಿಲ್ಲೆ ಸರಿ ಇರ್ಲಿಲ್ಲ ಅಂತ ಒಬ್ಬರು ಬರೆದ್ರು. ಬೋಲ್ಟು ಸರಿ ಬಿಗಿದಿರ್ಲಿಲ್ಲ ಅಂತ ಇನ್ನೊಬ್ಬರು ಬರೆದ್ರು. ಫೈಲು ಮುಚ್ಚಿಹೋಯ್ತು. ಆ ಫಿಟ್ಟರ್ ಈಗ ನಮ್ಮ ಸ್ಟೋರಲ್ಲಿ ಕೆಲಸದಲ್ಲಿದ್ದಾನೆ. ಮಾತಾಡ್ತೀರಾ?"

ಹೂಂ ಅನ್ನುವ ಮೊದಲೇ ನಂಬರ್ ಒತ್ತಿ ಫೋನು ಕೈಗಿಟ್ಟರು. ಆಕೆ ತಾನು ಯಾರು, ಏನು ಅಂತ ತಡವರಿಸುತ್ತ ಹೇಳಿದಳು. ಬಯ್ಯುತ್ತಾನೆ ಅಂತ ಕಾದಳು.

"ಅಕ್ಕಾ," ಅಂದಿತು ಆ ದನಿ, "ಬೋಲ್ಟು ಬಿಗಿದೋನು ನಾನೇ. ಎಂಟು ವರ್ಷದಿಂದ ನಾನೇ ಏನೋ ಎಡವಟ್ಟು ಮಾಡ್ದೆ ಅಂದ್ಕೊಂಡಿದ್ದೀನಿ. ನೀವ್ಯಾಕೆ ಕ್ಷಮೆ ಕೇಳ್ತೀರಿ?"

"ಕ್ಷಮೆ ಕೇಳ್ದೆನಾ ನಾನು?" ಅಂದಳು ಆಕೆ. ತನ್ನ ಬಾಯಿಂದ ಆ ಮಾತು ಬಂದದ್ದು ಆಕೆಗೇ ನೆನಪಿರಲಿಲ್ಲ.

ಆ ಬಿಲ್ಲೆ ಇನ್ನೂ ಸ್ಥಾವರದ ಒಂದು ಕಪಾಟಿನಲ್ಲಿದೆ ಅಂತ ಎಂಜಿನಿಯರ್ ಹೇಳಿದರು. ಅದನ್ನು ನೋಡಬೇಕು ಅಂದಳು ವಾಷರಕ್ಕ. ಮೇಡಂ ಆಕೆಯ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

"ಹಳೇದನ್ನ ಯಾಕ್ ಕೆದಕ್ತೀರಿ ಅಕ್ಕಾ? ನಮ್ದೇ ತಪ್ಪು ಅಂತ ಆಗಿಬಿಟ್ರೆ?"

"ಆಗ್ಲಿ ಮೇಡಂ. ಅದು ಗೊತ್ತಾಗ್ದೆ ಇವತ್ತಿಂದ ನಾನು ಕತ್ತರಿ ಹಿಡಿಯೋದು ಹೇಗೆ, ನೀವೇ ಹೇಳಿ."

ಮೇಡಂ ಆಕೆಯ ಮುಖವನ್ನೇ ನೋಡಿದಳು. ಆಮೇಲೆ, "ಕಾರು ಕಳಿಸ್ತೀನಿ," ಅಂದಳು.

ಮುಂದಿನ ವಾರ ಆಕೆ ಹೋದಳು. ಗಂಡ ಜೊತೆಗೆ ಬರುತ್ತೇನೆಂದರೂ ಬೇಡವೆಂದಳು. ಗೇಟಿನಲ್ಲಿ ಹೆಲ್ಮೆಟ್ಟು ಕೊಟ್ಟರು. ಅದು ಕಣ್ಣಿನ ಮೇಲೆ ಜಾರುತ್ತಲೇ ಇತ್ತು. ಸ್ಟೋರಿನ ಬಾಗಿಲಲ್ಲಿ ಫಿಟ್ಟರ್ ಕಾಯುತ್ತಿದ್ದ. ಐವತ್ತರ ಆಸುಪಾಸು, ಅಂಗಿಯ ಒಂದು ತೋಳು ಮಡಚಿತ್ತು, ಸುಟ್ಟ ಕೈಯದು ಮಣಿಕಟ್ಟಿನವರೆಗೆ ಗುಂಡಿ ಹಾಕಿತ್ತು. ಎಂಜಿನಿಯರ್ ಕಪಾಟಿನಿಂದ ಪ್ಲಾಸ್ಟಿಕ್ ಚೀಲ ತಂದು ಮೇಜಿನ ಮೇಲಿಟ್ಟರು.

ವಾಷರಕ್ಕ ಬಿಲ್ಲೆಯನ್ನು ಹೊರತೆಗೆದಳು. ಮೊದಲು ಅಂಚಿನ ಮೇಲೆ ಬೆರಳಾಡಿಸಿದಳು. ಕತ್ತರಿಸಿದ ಗೆರೆಯಲ್ಲಿ ಎಲ್ಲೂ ಏರುಪೇರು ಸಿಗಲಿಲ್ಲ. ಒಂದು ಕಡೆ ಸೀಳಿತ್ತು. ನಂತರ ಬೋಲ್ಟಿನ ತೂತುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದಳು. ನಿಂತು, ಮತ್ತೊಂದು ಸುತ್ತು ಹಿಡಿದಳು.

"ಇವು ದುಂಡಗಿಲ್ಲ ಸಾರ್."

"ಕತ್ತರಿಸುವಾಗಲೇ ಹಾಗಿತ್ತಾ?"

"ಇಲ್ಲ. ಹಾಗಿದ್ರೆ ತೂತಿನ ಅಂಚು ನುಣ್ಣಗಿರ್ತಿತ್ತು. ನೋಡಿ, ಎಲ್ಲ ತೂತೂ ಒಂದೇ ಕಡೆಗೆ ಹರಿದು ಉದ್ದ ಆಗಿವೆ. ಕೂರಿಸಿದ್ಮೇಲೆ ಯಾರೋ ಪಕ್ಕಕ್ಕೆ ಎಳೆದ ಹಾಗೆ. ಚಪ್ಪಲಿ ಪಟ್ಟಿ ಜಗ್ಗಿದ್ರೆ ಹೊಲಿಗೆ ತೂತು ಹೀಗೇ ಆಗುತ್ತೆ."

ಎಂಜಿನಿಯರ್ ಕನ್ನಡಕ ಏರಿಸಿಕೊಂಡು ನೋಡಿದರು. ಫಿಟ್ಟರ್ ಮೆಲ್ಲಗೆ ಕೇಳಿದ, "ಸಾರ್, ಆ ಪೈಪಿನ ಕೆಳಗಿನ ಆಸರೆ ಕುಸಿದಿತ್ತಲ್ಲ? ಆಮೇಲೆ ರಿಪೇರಿ ಮಾಡಿದ್ರು. ಅದು ಮೊದಲೇ ಕುಸಿದಿತ್ತಾ, ಸೋರಿದ ಮೇಲೆ ಕುಸೀತಾ?"

"ಅದೇ ನೆನಪಾಗ್ತಿಲ್ಲ," ಅಂದರು ಎಂಜಿನಿಯರ್. "ಮೊದಲೇ ಕುಸಿದಿದ್ರೆ ಪೈಪು ಜಗ್ಗಿ ಬಿಲ್ಲೆ ಹರಿದಿದೆ, ಇಬ್ಬರದೂ ತಪ್ಪಲ್ಲ. ಆಮೇಲೆ ಕುಸಿದಿದ್ರೆ..." ರಿಪೇರಿಯ ಕಾಗದ ಹುಡುಕಿಸಿದರು. ಆಸರೆ ಕುಸಿದ ತಿಂಗಳು ಬರೆದಿತ್ತು, ದಿನ ಬರೆದಿರಲಿಲ್ಲ.

ಮೂವರೂ ಆ ಮೇಜಿನ ಸುತ್ತ ಕೂತರು. ವಾಷರಕ್ಕನಿಗೆ ಸಮಾಧಾನವಾಗಬೇಕೋ ಬೇಡವೋ ಗೊತ್ತಾಗಲಿಲ್ಲ. ತನ್ನ ಗೆರೆ ನೇರವಾಗಿತ್ತು, ಅಷ್ಟು ನಿಜ. ಆದರೆ ಹಾಗಂತ ಗಟ್ಟಿಯಾಗಿ ಹೇಳಿದರೆ ಎದುರಿಗೆ ಕೂತವನ ಮೇಲೆ ಹೊರೆ ಹೊರಿಸಿದಂತಾಗುತ್ತದೆ. ಅಷ್ಟರಲ್ಲಿ ಫಿಟ್ಟರನೇ ಬಾಯಿ ಬಿಟ್ಟ.

"ಸಾರ್, ಈ ತೂತಿನ ವಿಷಯ ಫೈಲಲ್ಲಿ ಬರೀರಿ. ಯಾರ ತಪ್ಪು ಅಂತ ಬರೀಬೇಡಿ. ಗೊತ್ತಿಲ್ಲ ಅಂತ ಬರೀರಿ. ಅಷ್ಟ್ ಬರೆದ್ರೆ ಸಾಕು ನಂಗೆ."

ಎಂಜಿನಿಯರ್ ಪೆನ್ನು ತೆಗೆದು ಅಲ್ಲೇ ಬರೆದರು. ಇಬ್ಬರಿಗೂ ಓದಿ ಹೇಳಿದರು. ವಾಷರಕ್ಕನ ಕೈಯಲ್ಲೂ ಒಂದು ಸಹಿ ಹಾಕಿಸಿಕೊಂಡರು. ಯಾವ ಅಧಿಕಾರದಲ್ಲಿ ಹಾಕುತ್ತಿದ್ದೇನೆ ಅಂತ ಆಕೆ ಕೇಳಿದಾಗ, "ನೋಡಿದವರು ಅಂತ," ಅಂದರು.

ಹೊರಡುವ ಮುಂಚೆ ಫಿಟ್ಟರ್ ಆಕೆಯನ್ನು ಆ ಪೈಪಿನ ಹತ್ತಿರ ಕರೆದೊಯ್ದ. ಹಾದಿಯುದ್ದಕ್ಕೂ ಹಿಸ್ಸೆಂಬ ಸದ್ದು, ಸುತ್ತ ಮುತ್ತ ಮೇಲೆ ಕೆಳಗೆ ಬೆಳ್ಳಿ ಬಣ್ಣದ ಪೈಪುಗಳು. ಯಾವುದು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಆಕೆಗೆ ಗೊತ್ತಾಗುವಂತಿರಲಿಲ್ಲ. ಅಂದು ಸೋರಿದ ಜೋಡಣೆಯ ಮುಂದೆ ಅವನು ನಿಂತ. ಎರಡು ಕಬ್ಬಿಣದ ನಡುವೆ ಉಗುರಿನಷ್ಟು ತೆಳ್ಳಗೆ ಬಿಲ್ಲೆಯ ಬೂದು ಬಣ್ಣದ ಅಂಚು ಕಾಣುತ್ತಿತ್ತು. ಆಕೆ ಕೈ ಚಾಚಿದಳು.

"ಮುಟ್ಬೇಡಿ ಅಕ್ಕಾ," ಅಂದ ಅವನು, ತನ್ನ ತೋಳನ್ನು ಅಡ್ಡ ಹಿಡಿದು. "ಸುಡುತ್ತೆ."