ಘಾಟು ಬಾರದ ಮೆಣಸಿನಕಾಯಿ

ಇವತ್ತು ಬೆಳಿಗ್ಗೆ ಕೆಳಗಿನ ಮನೆಯಿಂದ ಒಣಮೆಣಸಿನಕಾಯಿ ಸುಟ್ಟ ಘಾಟು ಮೆಟ್ಟಿಲು ಹತ್ತಿ ಬಂತು. ನಾನು ಕೆಮ್ಮಿದೆ, ಮಗಳು ಒಂದರ ಮೇಲೊಂದು ಸೀನಿದಳು. ಸ್ವಲ್ಪ ಹೊತ್ತಿಗೆ ಕೆಳಗಿನ ಮನೆಯ ಹುಡುಗಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಳು. "ಸಾರಿ ಆಂಟಿ, ಪಾಪೂಗೆ ದೃಷ್ಟಿ ತೆಗೆದ್ವಿ. ಘಾಟು ಬಂದ್ರೆ ದೃಷ್ಟಿ ಆಗಿಲ್ಲ ಅಂತ ಅರ್ಥ ಅಲ್ವಾ?" ಹೌದಮ್ಮ ಅಂದೆ. ಆದರೆ ಮನಸ್ಸು ಆಗಲೇ ಜಯನಗರದ ಒಂದು ಸ್ಟೋರ್ ರೂಮಿಗೆ ಹೋಗಿ ಕೂತಾಗಿತ್ತು...

ತೊಂಬತ್ತರ ದಶಕದ ಕೊನೆ. ಮಗಳಿಗೆ ನಾಲ್ಕು ವರ್ಷ, ಬಾಯಲ್ಲಿ ಒಂದು ಮಾತಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಗದ್ದಲವಾದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದಳು. ಜಯನಗರದಲ್ಲಿ ಇಂಥ ಮಕ್ಕಳಿಗೆ ಮಾತು ಕಲಿಸುವ ಪುಟ್ಟ ಕೇಂದ್ರವೊಂದಿತ್ತು. ವಾರಕ್ಕೆ ಮೂರು ದಿನ ಸುಬ್ರಹ್ಮಣ್ಯಪುರದಿಂದ ಹೊರಟು, ಬನಶಂಕರಿಯಲ್ಲಿ ಬಸ್ಸು ಬದಲಾಯಿಸಿ ಅಲ್ಲಿಗೆ ಹೋಗುತ್ತಿದ್ದೆವು. ಇದಕ್ಕಾಗಿ ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಕೆಲಸ ಬಿಟ್ಟಿದ್ದೆ. ಹರಕೆ, ತಾಯಿತ, ದೃಷ್ಟಿ ಅಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನೆಂಟರು ತಂದುಕೊಟ್ಟ ತಾಯಿತಗಳೆಲ್ಲ ಒಂದು ಉಪ್ಪಿನಕಾಯಿ ಬಾಟಲಿಯಲ್ಲಿ ಬಿದ್ದಿದ್ದವು.

ಪ್ರತಿ ಮಂಗಳವಾರ ಅಲ್ಲಿ ಮಕ್ಕಳನ್ನು ಆಚೆ ಆಡಲು ಬಿಟ್ಟು, ತಾಯಂದಿರನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸುತ್ತಿದ್ದರು. ಕೌನ್ಸೆಲಿಂಗ್ ಮಾಡುವ ಮೇಡಂ ಒಬ್ಬೊಬ್ಬರನ್ನೇ ಕೇಳುತ್ತಿದ್ದರು, ಹೇಗಿದೀರಾ ಅಂತ. ನಾವೆಲ್ಲ ಶಾಲೆಯ ಹಾಜರಿ ಹೇಳಿದ ಹಾಗೆ "ಪರವಾಗಿಲ್ಲ ಮೇಡಂ" ಅನ್ನುತ್ತಿದ್ದೆವು. ಅಷ್ಟಕ್ಕೇ ಮುಗಿಯುತ್ತಿತ್ತು.

ಆ ಕೇಂದ್ರದಲ್ಲಿ ಕಸ ಗುಡಿಸಿ, ಮಕ್ಕಳ ಬಟ್ಟೆ ಬದಲಾಯಿಸಿ, ಎಲ್ಲರಿಗೂ ಟೀ ಕಾಯಿಸಿ ಕೊಡುತ್ತಿದ್ದವರು ಆಯಮ್ಮ. ಐವತ್ತು ದಾಟಿದ ಕುಳ್ಳಗಿನ ಹೆಂಗಸು. ಡಾಕ್ಟರನ್ನೂ ಗದರಿಸುವ ಗಂಟಲು. ಒದ್ದೆ ನೆಲ ತುಳಿದಿದ್ದಕ್ಕೆ ನಾನೇ ಎರಡು ಸಲ ಬೈಸಿಕೊಂಡಿದ್ದೆ.

ಒಂದು ಬೆಳಿಗ್ಗೆ ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಮಗಳು ನೆಲಕ್ಕೆ ಬಿದ್ದು ಕಿರುಚತೊಡಗಿದಳು. ಎಬ್ಬಿಸಿ ನಿಲ್ಲಿಸಿದರೂ ನಿಲ್ಲಲಿಲ್ಲ. ಸುತ್ತ ಜನ. "ಎರಡು ಬಿಗೀರಿ, ಸುಮ್ನಾಗ್ತಾಳೆ" ಅಂದರು ಯಾರೋ. ಬಸ್ಸು ಬಂತು. ನಾನು ಅವಳ ಕೈ ಬಿಟ್ಟೆ. ಜಾರಿದ್ದಲ್ಲ, ಬಿಟ್ಟೆ. ಒಬ್ಬಳೇ ಬಸ್ಸು ಹತ್ತಿದೆ. ಬಸ್ಸು ಹೊರಟಿತು. ಕಿರುಚಾಟ ಹಿಂದಾಯಿತು, ಆಮೇಲೆ ಕೇಳಿಸಲೇ ಇಲ್ಲ. ಎದೆ ಹಗುರಾಯಿತು. ಇವತ್ತಿಗೂ ನನಗೆ ನಾಚಿಕೆಯಾಗುವುದು ಆ ಹಗುರಕ್ಕೆ... ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಮೈಮೇಲೆ ನೀರು ಸುರಿದಂತಾಗಿ ಕೆಳಗೆ ಧುಮುಕಿದೆ. ಒಂದು ಚಪ್ಪಲಿ ಬಸ್ಸಿನಲ್ಲೇ ಉಳಿಯಿತು. ಓಡಿದೆ. ಹೋಗಿ ನೋಡಿದರೆ ಮಗಳು ಕಂಬದ ಪಕ್ಕ ಕೂತು ಹಳೆ ಟಿಕೆಟ್ಟುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಅವಳ ಹಿಂದೆ ಆಯಮ್ಮ ನಿಂತಿದ್ದರು. ಕೆಲಸಕ್ಕೆ ಬರಲು ಅವರೂ ಅಲ್ಲೇ ಬಸ್ಸು ಬದಲಾಯಿಸುವವರು ಅನ್ನೋದು ನನಗೆ ಆಗ ಹೊಳೆಯಿತು. ನನ್ನ ಬರಿಗಾಲು ನೋಡಿದರು. "ಮಗು ಇಲ್ಲೇ ಐತೆ" ಅಂದರು. ಅಷ್ಟೇ.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ! ಅವರು ಎಲ್ಲ ನೋಡಿದ್ದಾರೆ. ಮೇಡಂಗೆ ಹೇಳುತ್ತಾರೆ, ಮೇಡಂ ನನ್ನ ಗಂಡನನ್ನು ಕರೆಸುತ್ತಾರೆ, ಇವಳ ಕೈಗೆ ಮಗು ಕೊಡಬೇಡಿ ಅನ್ನುತ್ತಾರೆ. ಕೇಂದ್ರದಲ್ಲಿ ಯಾವ ಬಾಗಿಲು ತೆರೆದರೂ ಮೇಡಂ ಬಂದರೇನೋ ಅಂತ ತಿರುಗಿ ನೋಡುತ್ತಿದ್ದೆ. ಮನೆಯಲ್ಲಿ ಫೋನು ಹೊಡೆದುಕೊಂಡರೆ ಗಂಡನಿಗಿಂತ ಮೊದಲು ಓಡಿ ಎತ್ತುತ್ತಿದ್ದೆ. ಆಯಮ್ಮ ಮಾತ್ರ ಏನೂ ಆಗಿಲ್ಲದವರ ಹಾಗೆ ನೆಲ ಒರೆಸುತ್ತಿದ್ದರು. ಬೈಯುವುದನ್ನು ನಿಲ್ಲಿಸಿದ್ದರು, ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಮುಂದಿನ ಸೋಮವಾರ "ಒಸಿ ಬನ್ನಿ ಇಲ್ಲಿ" ಅಂತ ಸ್ಟೋರ್ ರೂಮಿಗೆ ಕರೆದು ಬಾಗಿಲು ಹಾಕಿದರು. ನೆಲದ ಮೇಲೆ ಧೂಪದ ಬಟ್ಟಲು, ಅದರಲ್ಲಿ ಕೆಂಡ. ಒಂದು ಡಬ್ಬಿಯಿಂದ ಮೆಣಸಿನಕಾಯಿ, ಉಪ್ಪು ತೆಗೆದು ಮುಷ್ಟಿ ಮಾಡಿದರು.

"ಕುಂತ್ಕೊಳಿ. ಮಗೀಗೆ ಎಲ್ರೂ ತೆಗೀತಾರೆ. ಹೆತ್ತೋಳ್ಗೆ ಯಾರು ತೆಗೀತಾರೆ?"

ಬೇಡ ಅನ್ನುವಷ್ಟು ಉಸಿರು ನನ್ನಲ್ಲಿರಲಿಲ್ಲ. ಕೂತೆ. ತಲೆಯಿಂದ ಕಾಲಿನವರೆಗೆ ಮುಷ್ಟಿ ಸುತ್ತಿಸಿದರು. "ನಾಯಿ ಕಣ್ಣು, ನರಿ ಕಣ್ಣು, ನೆಂಟ್ರ ಕಣ್ಣು, ಬಸ್ಸಲ್ಲಿ ನೋಡ್ದೋರ ಕಣ್ಣು..." ಕೊನೆಯ ಸುತ್ತಿಗೆ ಸ್ವಲ್ಪ ತಡೆದರು. "ನಿಮ್ ಮ್ಯಾಲೆ ಬಿದ್ದಿರೋ ನಿಮ್ದೇ ಕಣ್ಣು" ಅಂದು ಕೆಂಡದ ಮೇಲೆ ಮುಷ್ಟಿ ಸಡಿಲಿಸಿದರು. ಉಪ್ಪು ಚಟಪಟ ಸಿಡಿಯಿತು. ಘಾಟು ಬರಲೇ ಇಲ್ಲ.

"ನೋಡುದ್ರಾ, ಒಂದ್ ಚೂರೂ ಘಾಟಿಲ್ಲ. ಎಷ್ಟು ಸೇರ್ಕೊಂಡಿತ್ತೋ ಏನೋ."

ಗಣಿತದ ಟೀಚರು ನಾನು, ಆ ನೆಲದ ಮೇಲೆ ಕೂತು ಗೊಳೋ ಅಂತ ಅತ್ತೆ. ಅವತ್ತು ಬಸ್ ಸ್ಟ್ಯಾಂಡಲ್ಲಿ ಅಂತ ಬಾಯಿ ತೆರೆದರೆ ಅವರು ತಡೆದರು. "ನಂಗ್ ಹೇಳ್ಬೇಡಿ ಕಣಮ್ಮ. ನಾನ್ ತೆಗ್ದಿದ್ದು ಮ್ಯಾಲಿಂದು. ಒಳಗಿಂದು ತೆಗ್ಯಕ್ಕೆ ಆ ಮೇಡಂ ಅವ್ರೆ. ನಾಳೆ ಅವ್ರಿಗೆ ಹೇಳಿ."

ಮರುದಿನ ನನ್ನ ಸರದಿ ಬಂದಾಗ ಪರವಾಗಿಲ್ಲ ಅನ್ನಲಿಲ್ಲ. ಕೈ ಬಿಟ್ಟೆ ಅಂದೆ. ಬಸ್ಸು, ಚಪ್ಪಲಿ, ಆ ಹಗುರ, ಎಲ್ಲ ಹೇಳಿದೆ. ಗಂಡನನ್ನು ಕರೆಸುವ ಮಾತು ಈಗ ಬರುತ್ತದೆ ಅಂತ ಕಾದೆ. ಮೇಡಂ ನೀರಿನ ಲೋಟ ನನ್ನ ಕಡೆ ಸರಿಸಿ, "ವಾಪಸ್ ಬಂದ್ರಲ್ಲ. ಇನ್ಮೇಲೆ ಅಷ್ಟು ದೂರ ಹೋಗೋಕೆ ಮುಂಚೆನೇ ಇಲ್ಲಿ ಬಂದು ಹೇಳಿ" ಅಂದರು. ಅಷ್ಟರಲ್ಲಿ ಮೂಲೆಯಿಂದ ಇನ್ನೊಬ್ಬ ತಾಯಿ, ಮಗನನ್ನು ಒಳಗೆ ಕೂಡಿಹಾಕಿ ಆಚೆ ಜಗಲಿಯಲ್ಲಿ ಕೂತಿದ್ದ ದಿನವನ್ನು ಹೇಳಲು ಶುರುಮಾಡಿದರು. ಆ ಮಂಗಳವಾರ ಟೀ ಎರಡು ಸಲ ಬಂತು.

ಕೆಲವು ತಿಂಗಳ ಮೇಲೆ ಸ್ಟೋರ್ ರೂಮಿನಲ್ಲಿ ಚಾಪೆ ಹುಡುಕುವಾಗ ಆ ಡಬ್ಬಿ ಸಿಕ್ಕಿತು. ತೆರೆದರೆ ದಾರದಲ್ಲಿ ಒಟ್ಟಿಗೆ ಕಟ್ಟಿದ ಮೂರೇ ಮೆಣಸಿನಕಾಯಿ, ಕೈಯ ಬೆವರಿಗೆ ಬಣ್ಣ ಹೋಗಿ ಕಪ್ಪಾಗಿದ್ದವು. ಅಂದರೆ ಕೆಂಡಕ್ಕೆ ಬೀಳುತ್ತಿದ್ದದ್ದು ಉಪ್ಪು ಮಾತ್ರ! ಮೆಣಸಿನಕಾಯಿ ಅವರ ಮುಷ್ಟಿಯಲ್ಲೇ ಉಳಿಯುತ್ತಿತ್ತು. ಅವು ನನಗಿಂತ ಮೊದಲು, ನನ್ನ ನಂತರ ಎಷ್ಟು ತಾಯಂದಿರನ್ನು ಸುತ್ತಿದ್ದವೋ... ಮುಚ್ಚಳ ಹಾಕಿ ಇದ್ದಲ್ಲೇ ಇಟ್ಟೆ.

ಆ ಕೇಂದ್ರ ಈಗಿಲ್ಲ, ಆ ಜಾಗದಲ್ಲಿ ಬಟ್ಟೆ ಅಂಗಡಿ ಇದೆ. ಆಯಮ್ಮ ತೀರಿಕೊಂಡ ಸುದ್ದಿ ಬಂದದ್ದೂ ವರ್ಷ ಕಳೆದ ಮೇಲೆ. ಅವರ ಹೆಸರೇ ನನಗೆ ಗೊತ್ತಿರಲಿಲ್ಲ. ಮಕ್ಕಳಿದ್ದರಾ, ಇದ್ದರೆ ಹೇಗಿದ್ದರು, ಸಂಜೆ ಬಸ್ಸಿಳಿದು ಯಾವ ಮನೆಗೆ ಹೋಗುತ್ತಿದ್ದರು, ಒಂದನ್ನೂ ಕೇಳಲಿಲ್ಲ.

ಘಾಟು ಇಳಿದಿದೆ. ಮೂವತ್ತು ದಾಟಿದ ಮಗಳು ನನ್ನ ಪಕ್ಕ ಕೂತು ಹುರುಳಿಕಾಯಿ ಮುರಿದು, ಒಂದೇ ಉದ್ದಕ್ಕೆ ಸಾಲಾಗಿ ಜೋಡಿಸುತ್ತಿದ್ದಾಳೆ. ಅಷ್ಟು ಜನ ತಾಯಂದಿರಿಗೆ ದೃಷ್ಟಿ ತೆಗೆದ ಆ ಹೆಂಗಸನ್ನು ಯಾರಾದರೂ ಒಂದು ಸಲವಾದರೂ ಕೂರಿಸಿ ತೆಗೆದರೋ ಇಲ್ಲವೋ... ನಾನಂತೂ ತೆಗೆಯಲಿಲ್ಲ.