ಚಿಲಕವಿಲ್ಲದ ಮನೆ

ನನ್ನ ಅತ್ತೆ, ಅಂದರೆ ನನ್ನ ಅಪ್ಪನ ಅಕ್ಕ, ಕೂತದ್ದನ್ನು ನೋಡಿದವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ಊಟವನ್ನೂ ಒಲೆಯ ಪಕ್ಕ ನಿಂತುಕೊಂಡೇ ಮುಗಿಸುತ್ತಿದ್ದಳು. ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಾಳೆ ಎಂದು ಯಾರೋ ಆಡಿದ ಮಾತು ಅಂಟಿಕೊಂಡು ಅವಳ ಹೆಸರೇ ಚಕ್ರದಕ್ಕ ಎಂದಾಯಿತು. ಇಸ್ತ್ರಿ ಅವಳ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಗೆ ತಾಗಿಸಿದ ಉದ್ದನೆಯ ಮೇಜು, ಅದರ ಮೇಲೆ ಮಡಿಸಿ ಹಾಸಿದ ಕಂಬಳಿ, ಕಂಬಳಿಯ ಮೇಲೆ ಅಲ್ಲಲ್ಲಿ ಸುಟ್ಟು ಕಂದಾದ ಹಳೆಯ ಬೆಡ್‌ಶೀಟು. ಷರಟಾದರೆ ಮೊದಲು ಕಾಲರು, ಆಮೇಲೆ ತೋಳು, ಕೊನೆಗೆ ಬೆನ್ನು. ಈ ಕ್ರಮ ತಪ್ಪಿದರೆ ನನಗೂ ಬೈಗುಳ, ಷರಟಿಗೂ ಬೈಗುಳ.

ಆ ಮನೆಯ ಮುಂಬಾಗಿಲಿಗೆ ಚಿಲಕ ಇರಲಿಲ್ಲ. ಹಿಂದೆ ಇದ್ದ ಜಾಗದಲ್ಲಿ ನಾಲ್ಕು ತೂತು ಮಾತ್ರ ಉಳಿದಿತ್ತು. ಹಗಲಾಗಲಿ ರಾತ್ರಿಯಾಗಲಿ ಬಾಗಿಲನ್ನು ಸುಮ್ಮನೆ ಮುಂದಕ್ಕೆ ತಳ್ಳಿಟ್ಟಿರುತ್ತಿದ್ದಳು. ಬೆಕ್ಕು ಬರುತ್ತಿತ್ತು, ಗಾಳಿ ಬರುತ್ತಿತ್ತು, ಒಮ್ಮೆ ಕಳ್ಳನೂ ಬಂದು ಹೊಸ ಕುಕ್ಕರು ಹೊತ್ತುಕೊಂಡು ಹೋದ. "ಕುಕ್ಕರು ತಾನೇ ಹೋಗಿದ್ದು, ಮನೆ ಹೋಗಿಲ್ವಲ್ಲ" ಎಂದು ಅತ್ತೆ ಹಳೆಯ ಪಾತ್ರೆಯಲ್ಲಿ ಅನ್ನಕ್ಕಿಟ್ಟಳು. ಬೀದಿಯವರು ಅವಳಿಗೆ ಧೈರ್ಯ ಜಾಸ್ತಿ ಅಂದುಕೊಂಡರು. ಧೈರ್ಯವೂ ಅಲ್ಲ, ಮಣ್ಣೂ ಅಲ್ಲ.

ನನಗೆ ಕಾರಣ ತಿಳಿದದ್ದು ಹೈಸ್ಕೂಲಿಗೆ ಹೋಗುವಾಗ, ಪಕ್ಕದ ಮನೆಯ ಟೈಲರ್ ಅಜ್ಜಿಯ ಬಾಯಿಂದ. ಅಮ್ಮ ನನ್ನನ್ನು ಹೆತ್ತು ತೀರಿಕೊಂಡ ಮೇಲೆ ಅಪ್ಪ ಕುಡಿತಕ್ಕೆ ಬಿದ್ದ. ನನ್ನನ್ನು ಎತ್ತಿ ಸಾಕಿದವಳು ಅತ್ತೆ. ಅಪ್ಪ ಆಗಾಗ ಬಂದು ರಂಪ ಮಾಡುತ್ತಿದ್ದ. ಒಂದು ಸಲ ಗಿರಾಕಿಗಳ ಬಟ್ಟೆಯನ್ನೆಲ್ಲ ಚರಂಡಿಗೆ ಎಸೆದಿದ್ದನಂತೆ. ನಾನಿನ್ನೂ ಒಂದನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ಅವನು ಮತ್ತೆ ಬಂದು ಬಾಗಿಲು ಬಡಿದ. ಮೇಜಿನ ಮೇಲೆ ಮದುವೆ ಮನೆಯವರ ಬಟ್ಟೆಯ ರಾಶಿ ಇತ್ತು. ಅತ್ತೆ ಚಿಲಕ ಹಾಕಿ ರೇಡಿಯೋ ಜೋರು ಮಾಡಿದಳು. "ಅಕ್ಕಾ, ಕುಡಿಯೋಕೆ ನೀರು ಕೊಡೇ, ಸಾಕು" ಎಂದು ಅಪ್ಪ ಕೂಗಿದ್ದು ಟೈಲರ್ ಅಜ್ಜಿಗೆ ಕೇಳಿಸಿತ್ತು. ಅತ್ತೆಗೂ ಕೇಳಿಸಿತ್ತು. ಸ್ವಲ್ಪ ಹೊತ್ತು ಕೂಗಿ ಅವನು ಹೊರಟುಹೋದ. ಮುಖ್ಯರಸ್ತೆ ದಾಟುವಾಗ ಲಾರಿಗೆ ಸಿಕ್ಕಿ ಸತ್ತ.

ಅಪ್ಪನನ್ನು ಮಣ್ಣು ಮಾಡಿ ಬಂದ ಸಂಜೆಯೇ ಅತ್ತೆ ಸ್ಕ್ರೂಡ್ರೈವರ್ ಹಿಡಿದು ಆ ಚಿಲಕವನ್ನು ಕಿತ್ತು ಬಿಸಾಡಿದಳು.

ವಿಷಯ ತಿಳಿದಾಗ ನನಗೆ ಸಿಟ್ಟು ಬರಲಿಲ್ಲವೇ? ಬಂತು. ಒಂದಷ್ಟು ದಿನ ಅವಳು ಇಸ್ತ್ರಿ ಮಾಡಿಟ್ಟ ಯೂನಿಫಾರ್ಮನ್ನು ಬೇಕೆಂದೇ ಮುದ್ದೆ ಮಾಡಿ ತೊಟ್ಟುಕೊಂಡು ಹೋದೆ. ಅಷ್ಟರಲ್ಲಿ ನನಗೆ ಜ್ವರ ಬಂತು. ರಾತ್ರಿಯಿಡೀ ಅವಳು ಹಾಸಿಗೆಯ ಪಕ್ಕ ನಿಂತೇ ಇದ್ದಳು, ಹಣೆಯ ಬಟ್ಟೆ ಬದಲಿಸುತ್ತ. ಅಂಥವಳ ಮೇಲೆ ಎಷ್ಟು ದಿನ ಅಂತ ಹಲ್ಲು ಮಸೆಯುವುದು? ಸಿಟ್ಟು ಹೋಯಿತು. ಆದರೆ ನನಗೆ ಗೊತ್ತಿದೆ ಎಂದು ಅವಳಿಗೆ ಹೇಳಲಿಲ್ಲ, ಅವಳೂ ಬಾಯಿ ಬಿಡಲಿಲ್ಲ. ಒಂದೇ ಸೂರಿನ ಕೆಳಗೆ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಬಾಗಿಲನ್ನು ಮಾತ್ರ ತೆರೆದಿಟ್ಟಿದ್ದೆವು.

ಇಸ್ತ್ರಿ ಮುಗಿದರೆ ಅತ್ತೆಗೆ ಚರ್ಚಿನ ಕೆಲಸ. ಅಲ್ಲಿ ಅವಳು ಕೈ ಹಾಕದ ಜಾಗವಿಲ್ಲ. ಕುರ್ಚಿ ಜೋಡಿಸುವುದು, ಗಾಜು ಒರೆಸುವುದು, ಮುಂದಿನ ಮೇಜಿನ ಬಿಳಿಯ ಹಾಸನ್ನು ಒಳಮಗ್ಗುಲಿನಿಂದ ಇಸ್ತ್ರಿ ಮಾಡಿ, ಮಡಿಕೆಯ ಗೆರೆ ಬೀಳದಂತೆ ರಟ್ಟಿನ ಕೊಳವೆಗೆ ಸುತ್ತಿ ತರುವುದು. ತಿಂಗಳಿಗೊಮ್ಮೆ ಕರ್ತನ ಭೋಜನ ಇರುತ್ತಿತ್ತು. ಯೇಸು ಸಾಯುವ ಹಿಂದಿನ ರಾತ್ರಿ ತನ್ನವರಿಗೆ ರೊಟ್ಟಿ ಮುರಿದು ಕೊಟ್ಟದ್ದರ ನೆನಪಿಗೆ ಎಲ್ಲರೂ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ ತೆಗೆದುಕೊಳ್ಳುವ ಊಟ ಅದು. ರೊಟ್ಟಿ ಮಾಡುವವಳು, ಪುಟ್ಟ ಲೋಟಗಳಿಗೆ ರಸ ತುಂಬುವವಳು, ಎಲ್ಲ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಅವನ್ನು ತೊಳೆದು ಬೋರಲು ಹಾಕುವವಳು ಅತ್ತೆಯೇ. ನಾನು ದೊಡ್ಡವಳಾಗಿ ಬಸ್ ಕಂಡಕ್ಟರ್ ಆಗಿದ್ದೆ. ವಾರವೆಲ್ಲ ನಿಂತು ನಿಂತು ಸುಸ್ತಾಗಿ ಭಾನುವಾರ ಚರ್ಚಿನ ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದೆ. ನನ್ನ ಭಕ್ತಿ ಅಷ್ಟಕ್ಕಷ್ಟೇ.

ಕೊನೆಗೆ ಅತ್ತೆ ಚರ್ಚಿನಲ್ಲೇ ಬಿದ್ದಳು. ಪರದೆ ಬದಲಿಸಲು ಸ್ಟೂಲಿನ ಮೇಲೆ ಇನ್ನೊಂದು ಸ್ಟೂಲು ಇಟ್ಟು ಹತ್ತಿದ್ದಳಂತೆ. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಲೇಬೇಕು ಎಂದರು ಡಾಕ್ಟರು. ಹೃದಯ ಸೋತಿದೆ, ಹೀಗೇ ಆಗುತ್ತದೆ ಎಂದು ಮಾತು ಕೊಡಲಾರೆ ಎಂದೂ ಅಂದರು. ಆಪರೇಷನ್ ಮರುದಿನ ಬೆಳಿಗ್ಗೆಗೆ ನಿಗದಿಯಾಯಿತು.

ಆ ಸಂಜೆ ಹೆಂಗಸರ ವಾರ್ಡಿನಲ್ಲಿ ಅವಳ ಪಕ್ಕ ಕೂತಿದ್ದೆ. ಮುರಿದ ಕಡೆಯ ಕಾಲಿಗೆ ತೂಕ ಕಟ್ಟಿ ಇಳಿಬಿಟ್ಟಿದ್ದರು. ಇನ್ನೊಂದು ಕಾಲು ಹೊದಿಕೆಯ ಕೆಳಗೆ ಸುಮ್ಮನಿರಲೊಲ್ಲದು, ಎಲ್ಲಿಗೋ ಹೊರಟಂತೆ ಆಡುತ್ತಲೇ ಇತ್ತು. ಕೈಗಳು ಹೊದಿಕೆಯ ಅಂಚನ್ನು ಮಡಿಸುತ್ತಿದ್ದವು, ಒತ್ತಿ ಸಪಾಟು ಮಾಡುತ್ತಿದ್ದವು, ಬಿಡಿಸಿ ಮತ್ತೆ ಮಡಿಸುತ್ತಿದ್ದವು. ನೋಡಿ ನೋಡಿ ನನಗೇ ಕೂತಲ್ಲಿ ಕೂರಲಾಗಲಿಲ್ಲ.

"ಸ್ವಲ್ಪ ಸುಮ್ನೆ ಮಲ್ಕೋ ಅತ್ತೆ."

"ಏನೂ ಮಾಡ್ದೆ ಬಿದ್ಕೊಂಡಿರೋಕೆ ನಾಚಿಕೆ ಆಗುತ್ತೆ ಕಣೇ."

"ಇಲ್ಲಿ ಯಾರಿದಾರೆ ನಾಚ್ಕೊಳ್ಳೋಕೆ?"

ಅವಳು ಗದ್ದವೆತ್ತಿ ಮೇಲೆ ತೋರಿಸಿದಳು. "ನಾಳೆ ಹೆಚ್ಚುಕಮ್ಮಿ ಆದ್ರೆ? ಬರಿಗೈಲಿ ಹೋಗಿ ಅಲ್ಲಿ ಹೇಗೆ ನಿಂತ್ಕೊಳ್ಳಲಿ?"

ಅಷ್ಟರಲ್ಲಿ ಪಾದ್ರಿ ಬಂದರು. ಬಂದು ಒಂದು ವರ್ಷವೂ ಆಗದ ಹೊಸಬರು, ದೊಡ್ಡ ದೇಹದ, ಮೆಲುದನಿಯ ಮನುಷ್ಯ. ಕೈಯಲ್ಲಿ ಒಂದು ಸಣ್ಣ ಪೆಟ್ಟಿಗೆ. ಚರ್ಚಿಗೆ ಬರಲಾಗದ ರೋಗಿಗಳಿಗೆ ಭೋಜನ ಕೊಡುವ ಸಾಮಾನು ಅದರಲ್ಲಿತ್ತು. ಸ್ಟೂಲಿನ ಮೇಲೆ ಬಿಳಿಯ ಬಟ್ಟೆ ಹಾಸಿ, ರೊಟ್ಟಿಯ ಚೂರನ್ನೂ ಪುಟ್ಟ ಲೋಟವನ್ನೂ ಇಟ್ಟರು. ಅತ್ತೆ ಬಟ್ಟೆಯನ್ನು ನೋಡಿ ಮುಖ ಕಿವುಚಿದಳು. "ಇದಕ್ಕೆ ಇಸ್ತ್ರಿ ಯಾರು ಹಾಕಿದ್ದು? ದನ ಮೆಲುಕು ಹಾಕಿದ ಹಾಗಿದೆ." ಪಾದ್ರಿ ನಕ್ಕು ಪ್ರಾರ್ಥನೆಗೆ ಕಣ್ಣು ಮುಚ್ಚುವಷ್ಟರಲ್ಲಿ ಅವಳು, "ನನಗೆ ಬೇಡಿ ಅಯ್ಯನವರೇ, ಆ ಮೂಲೆ ಹಾಸಿಗೆಯವರಿಗೆ ಕೊಡಿ" ಎಂದಳು.

"ಅವರಿಗೂ ಕೊಡೋಣಮ್ಮ. ನೀವು ಪ್ರತಿ ತಿಂಗಳು ತಗೊಳ್ಳೋ ಹಾಗೆ..."

"ನಾನು ತಗೊಳ್ಳಲ್ಲ. ನನ್ನ ತಮ್ಮ ಹೋದಾಗಿನಿಂದ ತಗೊಂಡಿಲ್ಲ."

ಪಾದ್ರಿ ಕಣ್ಣು ಬಿಟ್ಟರು. ಅವರು, ಹಿಂದಿನ ಕೋಣೆಯಲ್ಲಿ ಸಭೆಯ ಹಿರಿಯರು ಅವಳಿಗೆ ಕೊಡುತ್ತಾರೆ ಅಂದುಕೊಂಡಿದ್ದರಂತೆ. ಹಿರಿಯರು, ಎಲ್ಲರಿಗಿಂತ ಮೊದಲೇ ಪಾದ್ರಿ ಕೊಟ್ಟಿರುತ್ತಾರೆ ಅಂದುಕೊಂಡಿದ್ದರು. ನಾನೋ, ಏನೂ ಅಂದುಕೊಂಡಿರಲೇ ಇಲ್ಲ. ಬಡಿಸುವವಳಿಗೆ ಹಸಿವಾಗುತ್ತದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಬಸ್ಸಿನಲ್ಲಿ ಎಲ್ಲರ ಟಿಕೆಟ್ ಕೇಳುವ ನನ್ನನ್ನು ಯಾರೂ ಟಿಕೆಟ್ ಕೇಳದ ಹಾಗೆ, ಅವಳನ್ನೂ ಯಾರೂ ಕೇಳಿರಲಿಲ್ಲ. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಪಾದ್ರಿಗೆ ಏನನ್ನಿಸಿತೋ. ಸಾಮಾನನ್ನು ಅಲ್ಲೇ ಬಿಟ್ಟು, "ನೀವಿಬ್ರೂ ಮಾತಾಡ್ತಿರಿ, ನಾನು ಆ ತಾಯೀನ ಮಾತಾಡಿಸ್ಕೊಂಡು ಬರ್ತೀನಿ" ಎಂದು ಮೂಲೆಯ ಹಾಸಿಗೆಯ ಕಡೆ ಹೋದರು.

"ಯಾಕೆ ಅತ್ತೆ?" ಎಂದೆ.

ಅವಳು ಹೊದಿಕೆಯ ಅಂಚನ್ನು ಮಡಿಸಿದಳು, ಬಿಚ್ಚಿದಳು. "ನಿಂಗೆ ಗೊತ್ತಿಲ್ಲದ್ದು ಒಂದಿದೆ. ನಿಮ್ಮಪ್ಪ ಸಾಯೋ ದಿನ..."

"ಬಾಗಿಲು ಬಡಿದ. ನೀರು ಕೇಳಿದ. ನೀನು ಚಿಲಕ ಹಾಕ್ದೆ. ಗೊತ್ತು."

ಅವಳ ಕೈ ನಿಂತಿತು. "ಯಾವಾಗಿಂದ?"

"ಹೈಸ್ಕೂಲಿಂದ. ಕೋಪ ಬಂದಿತ್ತು, ಹೋಯ್ತು. ನಿನ್ನ ಮೇಲೆ ನಂಗೇನೂ ಇಲ್ಲ ಅತ್ತೆ. ಇಷ್ಟಕ್ಕೇನಾ ನೀನು..."

"ನಿಂದು ಮುಗೀತು, ಸರಿ" ಎಂದಳು. "ಅವನದು? ನೀರು ಕೇಳಿದವನು ಅವನು. ಬಿಟ್ಟೆ ಅಂತ ಹೇಳಬೇಕಾದವನು ಅವನು. ಸತ್ತವನು ಎದ್ದು ಬಂದು ಹೇಳ್ತಾನಾ? ಅದಕ್ಕೇ ದುಡಿದೆ. ದುಡಿದು ದುಡಿದು ತೀರಿಸೋಣ ಅಂತ. ಎಷ್ಟು ತೊಳೆದ್ರೂ ಈ ಕೈಯಿಂದ ಚಿಲಕದ ತಣುಪು ಹೋಗ್ಲಿಲ್ಲ. ಈಗ ದುಡಿಯೋಕೆ ಕೈಗೂ ಆಗಲ್ಲ, ಕಾಲಿಗೂ ಆಗಲ್ಲ."

ದುಃಖ ಬಂದರೂ ನನಗೆ ಬರುವುದು ಜಗಳವೇ. ಬಾಯಿ ತೆರೆದೆ, ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು.

"ಸತ್ತವನು ಎದ್ದು ಬಂದು ಹೇಳ್ತಾನಾ ಅಂತ ನೀನು ಕೇಳ್ತೀಯ? ಇಡೀ ಜನ್ಮ ಯಾರ ಮೇಜಿಗೆ ಬಟ್ಟೆ ಹಾಸಿದೆ ನೀನು? ಸತ್ತು ಎದ್ದು ಬಂದ ಯೇಸುವಿನದು ತಾನೇ ಅದು? ಅವನು ಬರಲಿಲ್ಲ ಅನ್ನೋದಾದ್ರೆ ನಾವು ಅಲ್ಲಿ ಯಾಕೆ ಸೇರೋದು? ಅವನೊಬ್ಬನನ್ನ ತೆಗೆದುಬಿಡು, ಉಳಿಯೋದೇನು? ಕುರ್ಚಿ, ಪರದೆ, ನಿನ್ನ ಇಸ್ತ್ರಿ! ಮದುಮಗ ಇಲ್ಲದ ಮದುವೆಗೆ ಚಪ್ಪರ ಹಾಕಿದ ಹಾಗೆ!"

"ಅವನು ದೇವರು ಕಣೇ. ಅವನಿಗೂ ನನ್ನ ಬಾಗಿಲಿಗೂ ಏನು ಸಂಬಂಧ?"

ಆಗ ನನಗೆ ನೆನಪಾಯಿತು. ನೆನಪಾದದ್ದಕ್ಕೂ ಅವಳೇ ಕಾರಣ. ಚಿಕ್ಕವಳಿದ್ದಾಗ ಇಸ್ತ್ರಿ ಮೇಜಿನ ಕೆಳಗೆ ಕೂರಿಸಿ, ಮೇಲೆ ಬಟ್ಟೆ ಉಜ್ಜುತ್ತ, ಯೇಸುವಿನ ಕಥೆಗಳನ್ನೆಲ್ಲ ನನಗೆ ಹೇಳಿ ಒಪ್ಪಿಸಿಕೊಳ್ಳುತ್ತಿದ್ದಳು. ಈಗ ನಾನು ಮೇಷ್ಟ್ರು.

"ಅವನನ್ನ ಕೊಂದ ಮೇಲೆ ಅವನ ಜೊತೆಯವರು ಎಲ್ಲಿದ್ರು?"

"ಒಂದು ಮನೇಲಿ."

"ಬಾಗಿಲು?"

"ಹಾಕ್ಕೊಂಡಿದ್ರು" ಎಂದಳು.

"ಅವನಿಗೆ ಕಷ್ಟ ಬಂದಾಗ ಅವರೇನು ಮಾಡಿದ್ರು? ಜೊತೇಲಿ ನಿಂತ್ರಾ?"

"ಓಡಿಹೋದ್ರು. ಒಬ್ಬ ಅಂತೂ ಅವನು ಯಾರೋ ನಂಗೆ ಗೊತ್ತೇ ಇಲ್ಲ ಅಂದ."

"ಅಂಥವರು ಬಾಗಿಲು ಹಾಕ್ಕೊಂಡು ಕೂತಿದಾರೆ. ಇವನು ಬಂದ. ಚಿಲಕ ಯಾರು ತೆಗೆದ್ರು?"

"ಯಾರೂ ತೆಗೀಲಿಲ್ಲ. ಹಾಗೇ ಬಂದು ನಡುವೆ ನಿಂತ್ಕೊಂಡ."

"ಬಂದು ಬೈದನಾ? ಯಾಕ್ರೋ ಕೈಬಿಟ್ರಿ ಅಂತ ಕೇಳಿದನಾ?"

"ಇಲ್ಲ."

"ಮತ್ತೇನಂದ?"

ವಾರ್ಡಿನಲ್ಲಿ ಯಾರದೋ ಸ್ಟೀಲ್ ತಟ್ಟೆ ಬಿದ್ದು ಉರುಳಿತು. ಹೊದಿಕೆಯ ಕೆಳಗೆ ಕಾಲು ಇನ್ನೂ ಆಡುತ್ತಿತ್ತು. "ಸಮಾಧಾನವಾಗಿರಿ ಅಂದ" ಎಂದಳು. "ಅಂದು, ಶಿಲುಬೇಲಿ ಮೊಳೆ ಹೊಡೆದು ಗಾಯ ಆಗಿದ್ದ ಕೈ ತೋರಿಸ್ದ." ಹೇಳುತ್ತ ತನ್ನ ಬಲಗೈಯನ್ನು ಎತ್ತಿ, ಯಾರದೋ ಕೈಯನ್ನು ನೋಡುವ ಹಾಗೆ ನೋಡಿದಳು. ಹೆಬ್ಬೆರಳ ಬುಡದಲ್ಲಿ ಇಸ್ತ್ರಿಪೆಟ್ಟಿಗೆ ತಾಗಿದ ಹಳೆಯ ಕಲೆಗಳಿದ್ದವು. ಆಮೇಲೆ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಕಣ್ಣೂ ಒದ್ದೆಯಾಗಿತ್ತು.

"ಕಥೆ ಎಲ್ಲ ನನಗೆ ಬಾಯಿಪಾಠ ಇತ್ತು ಕಣೇ," ಎಂದಳು ಮೂಗು ಒರೆಸಿಕೊಳ್ಳುತ್ತ. "ಆ ಬಾಗಿಲು ನನ್ನ ಮನೇದೂ ಹೌದು, ಆ ಮಾತು ನಂಗೂ ಸೇರಿದ್ದು ಅಂತ ಗೊತ್ತಾಗ್ಲಿಲ್ಲ. ಕರಿ ಅವರನ್ನ. ಭೇಟಿ ಟೈಮು ಮುಗಿದುಬಿಟ್ರೆ ಕಷ್ಟ."

ಪಾದ್ರಿ ಬಂದರು. ಅವರು ಏನೂ ಕೇಳಲಿಲ್ಲ, ಅದಕ್ಕೆ ಅವರನ್ನು ನಾನು ಈಗಲೂ ಮೆಚ್ಚುತ್ತೇನೆ. ನಾಲ್ಕು ಮಾತಿನಲ್ಲಿ ಪ್ರಾರ್ಥನೆ ಮುಗಿಸಿ ರೊಟ್ಟಿಯ ಚೂರನ್ನು ಮುಂದೆ ಹಿಡಿದರು. ಅತ್ತೆ ಎಡಗೈ ಚಾಚಿದಳು, ಹಿಂದಕ್ಕೆ ತೆಗೆದುಕೊಂಡಳು, ಬಲಗೈ ಚಾಚಿದಳು. ಚಿಲಕ ಹಾಕಿದ್ದು ಆ ಕೈಯೇ. ತಾನೇ ನೂರಾರು ಸಲ ಮಾಡಿದ್ದಂಥ ರೊಟ್ಟಿಯನ್ನು, ಮೊದಲ ಸಲ ರುಚಿ ನೋಡುವವಳಂತೆ ನಿಧಾನವಾಗಿ ಅಗಿದಳು. ರಸ ಕುಡಿದು ಲೋಟ ಹಿಂದಿರುಗಿಸುವಾಗ ಹಳೆಯ ಅಭ್ಯಾಸ ಎದ್ದು ಬಂತು.

"ಲೋಟ ಯಾರು ತೊಳೀತಾರೆ?"

"ನಾನು ತೊಳೀತೀನಿ" ಎಂದೆ. "ನೀನು ತಿಂದಾಯ್ತಲ್ಲ, ಮಲ್ಕೋ."

"ಅಂಚಲ್ಲಿ ಕಲೆ ಉಳೀಬಾರ್ದು" ಎಂದು ಕಣ್ಣು ಮುಚ್ಚಿದಳು. ವಾರ್ಡಿನ ಕೊನೆಯ ನಲ್ಲಿಯಲ್ಲಿ ಲೋಟ ತೊಳೆದು ಬರುವಷ್ಟರಲ್ಲಿ ಹೊದಿಕೆಯ ಕೆಳಗಿನ ಕಾಲು ನಿಂತಿತ್ತು. ನನ್ನ ಜೀವ ಬಾಯಿಗೆ ಬಂತು. ಓಡಿ ಹೋಗಿ ಬಗ್ಗಿ ನೋಡಿದೆ. ಗೊರಕೆ ಹೊಡೆಯುತ್ತಿದ್ದಳು.

ಅವಳು ಬದುಕಿ ಬಂದಳು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಇನ್ನು ಮೇಲೆ ನಿಂತು ಕೆಲಸ ಮಾಡುವ ಹಾಗಿಲ್ಲ ಎಂದರು. ವಾಕರ್ ಹಿಡಿದು ಮನೆಗೆ ಬಂದವಳು ಹೊಸ್ತಿಲಲ್ಲೇ ನಿಂತು ಬಾಗಿಲನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಇದಕ್ಕೊಂದು ಚಿಲಕ ತಂದು ಹಾಕೇ. ರಾತ್ರಿ ಬೆಕ್ಕಿನ ಕಾಟ. ನಿಂಗೂ ನೆಮ್ಮದಿಯಾಗಿ ನಿದ್ದೆ ಮಾಡೋಕಾಗಲ್ಲ."

ನಾನು ಹಳೆಯ ತೂತುಗಳ ಮೇಲೆ ಬೆರಳಾಡಿಸಿದೆ. "ಯಾರಾದ್ರೂ ಬಂದು ತಟ್ಟಿದ್ರೆ?"

"ಎದ್ದು ತೆಗೆಯೋಣ. ನಾವಿಬ್ರೂ ಇಲ್ವಾ?" ಎಂದು ಅವಳು ಇಸ್ತ್ರಿ ಮೇಜಿನ ಪಕ್ಕದ ಕುರ್ಚಿಯಲ್ಲಿ ಮೆಲ್ಲಗೆ ಕೂತಳು. "ನಾವು ತೆಗೆಯೋಕೆ ಆಗದೆ ಹೋದ್ರೂ, ಹಾಕಿದ ಬಾಗಿಲಲ್ಲಿ ಒಳಗೆ ಬರೋಕೆ ಗೊತ್ತಿರೋನು ಒಬ್ಬ ಇದಾನೆ."

ಅಂದೇ ಸಂಜೆ ಚಿಲಕ ತಂದೆ. ಹಳೆಯ ತೂತುಗಳಿಗೆ ಅದು ಹೊಂದಲಿಲ್ಲ, ಹೊಸದಾಗಿ ಕೊರೆಯಬೇಕಾಯಿತು.