ರೊಟ್ಟಿ ಸದ್ದಿಗೆ ಯಾವ ಇಂಗ್ಲಿಷು?

"ಭಾಭೀ, ಇರಿಟೇಟ್ ನಹೀ, ಅಗ್ರವೇಟ್ ಲಿಖೋ. ವಜನ್ ಆಯೇಗಾ!"

ದೂರಿಗೆ ತೂಕ ಬರಬೇಕಂತೆ. ಮುಂಬೈ ಮಲಾಡಿನ ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಮೆಹ್ತಾಭಾಯಿ ಸೋಫಾದ ತುದಿಯಲ್ಲಿ ಕುಳಿತು ಡಿಕ್ಟೇಟ್ ಮಾಡುತ್ತಿದ್ದರು. (ಕಾನ್ವೆಂಟಿನಲ್ಲಿ ಓದಿದ ತಪ್ಪಿಗೆ ಬಿಲ್ಡಿಂಗಿನ ಇಂಗ್ಲಿಷ್ ದೂರುಗಳೆಲ್ಲ ನನ್ನ ಪಾಲು.)

ಈ ಸಲದ ಆರೋಪಿ ನನ್ನ ಮೇಲಿನ ಫ್ಲ್ಯಾಟಿನ ಶಾಂತಕ್ಕ. ವಿಜಯಪುರದ ಕಡೆಯವರು. ಬೆಳಗಾಗುವ ಮೊದಲೇ ಜೋಳದ ರೊಟ್ಟಿ ಬಡಿದು ಕಾಂದಿವಲಿಯ ಕ್ಯಾಂಟೀನಿಗೆ ಕಳಿಸುತ್ತಾರೆ. ತಪ್ ತಪ್ ತಪ್. ದೂರು ಕಮಿಟಿಗೆ ಹೋದರೆ ರೊಟ್ಟಿ ಬಂದ್. ಅವರ ಮನೆ ನಡೆಯುವುದೇ ಆ ರೊಟ್ಟಿಯಿಂದ.

ನಾನು ಪೆನ್ನು ಕೆಳಗಿಟ್ಟೆ.

ಶಾಲೆಯಲ್ಲಿ ನಮ್ಮ ಇಂಗ್ಲಿಷ್ ಸಿಸ್ಟರ್ ಈ ಎರಡು ಪದಗಳನ್ನು ಬೆರೆಸಲು ಬಿಡುತ್ತಿರಲಿಲ್ಲ. ಸೊಳ್ಳೆ ಕಚ್ಚಿದ್ದು ಇರಿಟೇಟ್. ಅದನ್ನು ಕೆರೆದು ಕೆರೆದು ಹುಣ್ಣು ಮಾಡಿಕೊಂಡರೆ ಅಗ್ರವೇಟ್. (ಈಗ ಎರಡೂ ಒಂದೇ ಎಂದು ಡಿಕ್ಷನರಿಯೂ ಒಪ್ಪುತ್ತದೆ. ನಾನು ಒಪ್ಪುವುದಿಲ್ಲ.)

ರೊಟ್ಟಿಯ ಸದ್ದು ಕಿರಿಕಿರಿ, ನಿಜ. ಆದರೆ ಕೆರೆದವರು ಯಾರು?

"ಶಾಂತಕ್ಕನಿಗೆ ಯಾರಾದರೂ ಹೇಳಿದ್ದೀರಾ?" ಹಿಂದಿಯಲ್ಲೇ ಕೇಳಿದೆ.

"ಗ್ರೂಪ್ ಮೇ ಡಾಲಾ ಥಾ ನಾ!"

ಹೌದು, ವಾಟ್ಸ್ಆ್ಯಪ್ ಗ್ರೂಪಿನಲ್ಲಿ ವಾರಗಟ್ಟಲೆ ಕೆಂಪು ಮುಖದ ಇಮೋಜಿಗಳು ಕುಣಿದಿದ್ದವು. ಆದರೆ ಆ ಗ್ರೂಪಿನಲ್ಲಿರುವುದು ಫ್ಲ್ಯಾಟಿನ ಮಾಲೀಕರು ಮಾತ್ರ. ಶಾಂತಕ್ಕ ಬಾಡಿಗೆಯವರು! ಇಡೀ ಬಿಲ್ಡಿಂಗ್ ಕೂಗಾಡಿದ್ದು ಅವರಿಗೊಬ್ಬರಿಗೇ ಕೇಳಿಸಿರಲಿಲ್ಲ.

ಮೆಹ್ತಾಭಾಯಿಗೆ ಚಹಾ ಕೊಟ್ಟು ಕೂರಿಸಿ ನಾನು ಮೆಟ್ಟಿಲು ಹತ್ತಿದೆ.

ಶಾಂತಕ್ಕ ಹಿಟ್ಟು ಜರಡಿ ಹಿಡಿಯುತ್ತಿದ್ದರು. ವಿಷಯ ಕೇಳಿ ಕಣ್ಣರಳಿಸಿದರು. "ಅಯ್ಯ, ಕೆಳಗ ಸಪ್ಪಳಾ ಕೇಳ್ತೈತೇನ್ರಿ? ಮೊದಲ ಹೇಳಬಾರದೇನ್ರೀ ಅಕ್ಕಾರ!"

ಒಳಗಿನಿಂದ ಹಳೆ ಸೀರೆಗಳನ್ನು ಹೊಲಿದ ದಪ್ಪ ಕೌದಿ ತಂದು, ಮಡಚಿ, ರೊಟ್ಟಿ ಬಡಿಯುವ ಹಲಗೆಯ ಕೆಳಗೆ ತುರುಕಿದರು. ಬಡಿದು ತೋರಿಸಿದರು. ಸದ್ದು ಕೌದಿಯೊಳಗೇ ಅಡಗಿತು.

"ಇಷ್ಟಕ್ಕ ಇಂಗ್ಲಿಷಿನ್ಯಾಗ ಬರ್ಯಾಕ ಕುಂತಿದ್ರೇನ್ರಿ?" ಎಂದು ನಕ್ಕರು. ಬರಿಗೈಯಲ್ಲೂ ಕಳಿಸಲಿಲ್ಲ. ಮೆಹ್ತಾಭಾಯಿ ಚಹಾದ ಜೊತೆ ತಿಂದದ್ದು ಅದೇ ರೊಟ್ಟಿ, ಶೇಂಗಾ ಚಟ್ನಿ.

ಮರುದಿನ ಬೆಳಿಗ್ಗೆ ಮೇಲಿನಿಂದ ಸದ್ದಿಲ್ಲ. ಮೊಬೈಲ್ ಮಾತ್ರ ಟಿಂಗ್ ಎಂದಿತು. ಗ್ರೂಪಿನಲ್ಲಿ ಹೊಸ ಜಗಳ: ಯಾರದೋ ಬಾಗಿಲ ಹೊರಗಿನ ಚಪ್ಪಲಿ ಸ್ಟ್ಯಾಂಡ್.

ಈ ಗ್ರೂಪಿನ ಕೆಳಗೆ ಯಾವ ಕೌದಿ ತುರುಕೋಣ, ಹೇಳಿ?